11 ವರ್ಷ ತೆರಿಗೆ ಕಟ್ಟಿದವನಿಗೆ ಈಗ 60 ದಿನ

ಪ್ರಶ್ನೆ: ಅಮೆರಿಕಕ್ಕೆ ಬಂದು 11 ವರ್ಷ, ಇನ್ನೂ ಎಚ್-1ಬಿಯಲ್ಲೇ (ಕಂಪನಿಯ ಮೂಲಕ ಸಿಗುವ ತಾತ್ಕಾಲಿಕ ಕೆಲಸದ ವೀಸಾ) ಇದ್ದೇನೆ. ಪ್ರತಿ ಸಂಬಳದಲ್ಲೂ ಸೋಷಿಯಲ್ ಸೆಕ್ಯುರಿಟಿಗೆ (ಸರ್ಕಾರಿ ಪಿಂಚಣಿ) 6.2%, ಮೆಡಿಕೇರ್‌ಗೆ (ಹಿರಿಯರ ಆರೋಗ್ಯ ವಿಮೆ) 1.45% ಹೋಗುತ್ತದೆ. ಆದಾಯ ತೆರಿಗೆ, ಮನೆ ತೆರಿಗೆ ಬೇರೆ. ಕಳೆದ ವಾರ ಕೆಲಸ ಹೋಯಿತು. ಬೇರೆ ಕೆಲಸವೋ ದಾರಿಯೋ ಸಿಗದಿದ್ದರೆ 60 ದಿನದೊಳಗೆ ದೇಶ ಬಿಡಬೇಕು. ಫ್ರಿಜ್ ಮೇಲೆ ಕ್ಯಾಲೆಂಡರ್ ಅಂಟಿಸಿ ದಿನ ಎಣಿಸುತ್ತಿದ್ದೇನೆ. ಇಲ್ಲೇ ಹುಟ್ಟಿದ ಮಗಳು, ‘ಅಪ್ಪಾ, ಆ ಕೆಂಪು ಗೆರೆ ಯಾಕೆ?’ ಅಂದಳು. ಏನು ಹೇಳಲಿ? ಏನಾದರೂ ದಾರಿ ಇದೆಯಾ?

ಉತ್ತರ 1: ಧೈರ್ಯವಾಗಿರಿ ಸರ್. ಆ 60 ದಿನದೊಳಗೆ ಹೊಸ ಕಂಪನಿ ನಿಮಗಾಗಿ ಎಚ್-1ಬಿ ಅರ್ಜಿ ಸಲ್ಲಿಸಿದರೆ, ಮಂಜೂರಾತಿಗೆ ಕಾಯದೆ ಕೆಲಸಕ್ಕೆ ಸೇರಬಹುದು. 11 ವರ್ಷ ಅಂದರೆ ಐ-140 (ನಿಮ್ಮ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿರಬೇಕು ಅಲ್ವಾ?

ಪ್ರಶ್ನೆ ಕೇಳಿದವರು: ಆಗಿದೆ.

ಉತ್ತರ 2: ಹಾಗಾದರೆ ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಮ್ಮ ಸರದಿಯ ದಿನಾಂಕ ಉಳಿಯುತ್ತದೆ. ನನಗೆ ಜಾಸ್ತಿ ಸಿಟ್ಟು ಬರುವುದು ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಒಂದೊಂದು ದೇಶಕ್ಕೆ 7% ಅನ್ನೋ ಮಿತಿಯ ಮೇಲೆ. ತೆರಿಗೆ ಹಿಡಿಯುವಾಗ ಯಾವ ದೇಶದವನು ಅಂತ ಯಾರೂ ಕೇಳಲಿಲ್ಲ.