ಐರಿಷ್ ಸಾಹಿತ್ಯದ ಅಧ್ಯಯನಕ್ಕೆ ಮೂರು ವಾರ ಐರ್ಲೆಂಡಿಗೆ: ಹೋಗಿಬಂದವರು ಏನು ಹೇಳುತ್ತಾರೆ?

ಪ್ರಶ್ನೆ (ಎಂ.ಎ. ಇಂಗ್ಲಿಷ್ ವಿದ್ಯಾರ್ಥಿನಿ, ಮೈಸೂರು)

ಐರಿಷ್ ಕವಿ ಯೇಟ್ಸ್ ಮತ್ತು ನಾಟಕಕಾರ ಸಿಂಜ್ ಕುರಿತು ಕಿರುಪ್ರಬಂಧ ಬರೆಯುವ ಸಿದ್ಧತೆಯಲ್ಲಿದ್ದೇನೆ. ಮುಂದಿನ ಜುಲೈ ಕೊನೆಯಲ್ಲಿ ಐರ್ಲೆಂಡಿನ ಬೇಸಿಗೆ ಶಾಲೆಯೊಂದಕ್ಕೆ ಸೇರಿ, ಅದರ ಹಿಂದುಮುಂದಿನ ದಿನಗಳನ್ನೂ ಸೇರಿಸಿ ಒಟ್ಟು ಮೂರು ವಾರ ಅಲ್ಲಿರಬೇಕೆಂಬ ಆಸೆ. ಹಣವನ್ನು ಮನೆಯವರೇ ಹೊಂದಿಸಬೇಕಾಗಿರುವುದರಿಂದ, ಇಷ್ಟು ಚಿಕ್ಕ ಅವಧಿಯಲ್ಲಿ ಓದಿಗೆ ನಿಜವಾಗಿ ಏನು ದಕ್ಕುತ್ತದೆ, ಯಾವ ಊರಿನಲ್ಲಿ ಹೆಚ್ಚು ದಿನ ಇರಬೇಕು, ಹೊರಡುವ ಮುನ್ನ ಏನೇನು ಓದಿರಬೇಕು ಎಂಬುದನ್ನು ಹೋಗಿಬಂದವರಿಂದ ತಿಳಿಯಬಯಸುತ್ತೇನೆ. ನಾನು ಸಸ್ಯಾಹಾರಿ.

ಉತ್ತರ (ಕಾಲೇಜು ಉಪನ್ಯಾಸಕಿ, ಧಾರವಾಡ)

ನಿಮ್ಮ ವಿಷಯ ಯೇಟ್ಸ್ ಆಗಿರುವುದರಿಂದ ಸ್ಲೈಗೊ ಊರನ್ನೇ ನೆಲೆಯಾಗಿಸಿಕೊಳ್ಳಿ ಎಂದು ಮೊದಲೇ ಹೇಳಿಬಿಡುತ್ತೇನೆ. 1960ರಲ್ಲಿ ಆರಂಭವಾದ ಯೇಟ್ಸ್ ಅಂತರರಾಷ್ಟ್ರೀಯ ಬೇಸಿಗೆ ಶಾಲೆ ನಡೆಯುವುದು ಅಲ್ಲಿಯೇ. ಬೆಳಿಗ್ಗೆ ಉಪನ್ಯಾಸಗಳು, ಮಧ್ಯಾಹ್ನ ಸಣ್ಣ ಗುಂಪುಗಳ ವಿಚಾರಗೋಷ್ಠಿಗಳು, ಸಂಜೆ ಕಾವ್ಯವಾಚನ ಅಥವಾ ನಾಟಕ ಎಂಬುದು ಅದರ ದಿನಚರಿ. ಉಪನ್ಯಾಸಗಳಲ್ಲಿ ಕೇಳುವ ಬಹಳಷ್ಟು ಸಂಗತಿಗಳು ಗ್ರಂಥಾಲಯದಲ್ಲಿ ಕುಳಿತರೂ ಸಿಕ್ಕಾವು. ಆದರೆ ಮಧ್ಯಾಹ್ನದ ಗೋಷ್ಠಿಯಲ್ಲಿ ಹತ್ತಾರು ಜನ ಒಂದೇ ಪದ್ಯವನ್ನು ಎದುರಿಗಿಟ್ಟುಕೊಂಡು, ಒಬ್ಬರ ಓದನ್ನು ಇನ್ನೊಬ್ಬರು ಒಪ್ಪದೆ, ಪ್ರತಿ ಸಾಲಿನ ಬಳಿಯೂ ನಿಂತು ಮುಂದೆ ಸಾಗುವ ಆ ಶಿಸ್ತು ನಮ್ಮ ಪರೀಕ್ಷಾಕೇಂದ್ರಿತ ತರಗತಿಗಳಲ್ಲಿ ನನಗಂತೂ ಸಿಕ್ಕಿರಲಿಲ್ಲ. ಆದ್ದರಿಂದ ಗೋಷ್ಠಿಯ ಆಯ್ಕೆಯಲ್ಲಿ ಅವಸರ ಮಾಡಬೇಡಿ. ಹೆಸರಾಂತ ವಿದ್ವಾಂಸರ ಹಿಂದೆ ಹೋಗುವುದಕ್ಕಿಂತ ನಿಮ್ಮ ಪ್ರಬಂಧಕ್ಕೆ ಹತ್ತಿರವಾದ ವಿಷಯವನ್ನು ಆರಿಸಿಕೊಂಡು, ಅಲ್ಲಿ ಚರ್ಚೆಯಾಗುವ ಕವಿತೆಗಳನ್ನು ಇಲ್ಲಿಂದಲೇ ನಾಲ್ಕಾರು ಬಾರಿ ಗಟ್ಟಿಯಾಗಿ ಓದಿಕೊಂಡು ಹೋಗಿ. ಅಲ್ಲಿಗೆ ಹೋದಮೇಲೆ ಓದಿಕೊಂಡರಾಯಿತು ಎಂದುಕೊಂಡು ಬಂದವರು ಮೊದಲ ವಾರವಿಡೀ ಮಾತಿಲ್ಲದೆ ಕುಳಿತಿದ್ದುದನ್ನು ನೋಡಿದ್ದೇನೆ.

ಸ್ಥಳದರ್ಶನದ ವಿಷಯದಲ್ಲಿ ಎರಡು ಮಾತು. ಲಾಕ್ ಗಿಲ್ ಸರೋವರದಲ್ಲಿರುವ ಇನಿಸ್‌ಫ್ರೀ ಒಂದು ಪುಟ್ಟ ಪೊದೆದ್ವೀಪ. ದೋಣಿಯಲ್ಲಿ ಹೋದವರಲ್ಲಿ ಅನೇಕರು ‘ಇಷ್ಟೇನೆ?’ ಎಂದು ಮುಖ ಸಣ್ಣದು ಮಾಡುತ್ತಾರೆ. ಈ ದ್ವೀಪವನ್ನು ಕುರಿತು ಯೇಟ್ಸ್ ಬರೆದು 1890ರಲ್ಲಿ ಪ್ರಕಟವಾದ ಕವಿತೆ ಹುಟ್ಟಿದ್ದು ಲಂಡನ್ನಿನ ಬೀದಿಯಲ್ಲಿ, ಅಂಗಡಿಯೊಂದರ ಕಿಟಕಿಯಲ್ಲಿದ್ದ ಪುಟ್ಟ ಕಾರಂಜಿಯ ಸದ್ದು ಕೇಳಿ ಊರು ನೆನಪಾದಾಗ ಎಂಬುದನ್ನು ಯೇಟ್ಸರೇ ಬರೆದಿದ್ದಾರೆ. ದ್ವೀಪದ ಸಣ್ಣತನವನ್ನು ಕಣ್ಣಾರೆ ಕಂಡಮೇಲೆ, ಪದ್ಯದಲ್ಲಿ ಲಂಡನ್ನಿನ ಪಾಲು ಎಷ್ಟೆಂಬುದು ನನಗೆ ಸ್ಪಷ್ಟವಾಯಿತು. ಪ್ರವಾಸದಿಂದ ಓದಿಗೆ ಆಗುವ ಉಪಯೋಗ ಇಂಥದ್ದು. ಹಾಗೆಯೇ ಗಾಲ್ವೇ ಜಿಲ್ಲೆಯ ಕೂಲ್ ಪಾರ್ಕಿನಲ್ಲಿ, ನಾಟಕ ಚಳವಳಿಯಲ್ಲಿ ಯೇಟ್ಸರ ಜೊತೆಗಾರ್ತಿಯಾಗಿದ್ದ ಲೇಡಿ ಗ್ರೆಗರಿಯವರ ಮನೆ ಈಗಿಲ್ಲ, ಅದನ್ನು 1941ರಲ್ಲಿ ಕೆಡವಿದರು. ಯೇಟ್ಸ್, ಶಾ, ಸಿಂಜ್ ಮೊದಲಾದವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೆತ್ತಿದ ಬೀಚ್ ಮರ ಮಾತ್ರ ಬೇಲಿಯೊಳಗೆ ನಿಂತಿದೆ. ಅಲ್ಲಿನ ಸರೋವರ ಸುಣ್ಣಕಲ್ಲಿನ ನೆಲದ ಬಿರುಕುಗಳ ಮೂಲಕ ತುಂಬುತ್ತ ಇಂಗುತ್ತ ಇರುವುದರಿಂದ ಜುಲೈನಲ್ಲಿ ನೀರು ಬಹಳ ಹಿಂದೆ ಸರಿದಿರುವುದುಂಟು. ಐಸ್‌ಲ್ಯಾಂಡಿನ ಕಡೆಯಿಂದ ಚಳಿಗಾಲ ಕಳೆಯಲು ಬರುವ ಹಂಸಗಳೂ ಆಗ ಇರುವುದಿಲ್ಲ. ಈ ಹಂಸಗಳನ್ನು ಕುರಿತ ಯೇಟ್ಸರ ಕವಿತೆಯಲ್ಲಿರುವುದು ಅಕ್ಟೋಬರಿನ ಮುಸ್ಸಂಜೆ, ನೀವು ನಿಲ್ಲುವುದು ನಡುಬೇಸಿಗೆಯಲ್ಲಿ. ಯೇಟ್ಸ್ 1917ರಲ್ಲಿ ಕೊಂಡ ಬ್ಯಾಲಿಲೀ ಗೋಪುರ ಅಲ್ಲಿಗೆ ಹತ್ತಿರವಾದರೂ ಬಸ್ಸನ್ನು ನಂಬಿ ಹೋಗುವ ಜಾಗವಲ್ಲ, ಶಾಲೆಯವರೋ ಜೊತೆಯವರೋ ವಾಹನ ಮಾಡಿದರೆ ಸೇರಿಕೊಳ್ಳಿ.

ಉತ್ತರ (ಸಾಫ್ಟ್‌ವೇರ್ ಎಂಜಿನಿಯರ್, ಡಬ್ಲಿನ್, ಮೂಲತಃ ಹಾಸನದವರು)

ಸ್ಲೈಗೊ ಸರಿಯೇ, ಆದರೆ ಡಬ್ಲಿನ್ನಿಗೆ ಕನಿಷ್ಠ ಐದಾರು ದಿನಗಳನ್ನು ಮೀಸಲಿಡದಿದ್ದರೆ ನಾಟಕದ ಭಾಗ ಅರ್ಧಕ್ಕೆ ನಿಲ್ಲುತ್ತದೆ. 1904ರಲ್ಲಿ ಆರಂಭವಾದ ಅಬ್ಬೆ ರಂಗಮಂದಿರದ ಹಳೆಯ ಕಟ್ಟಡ 1951ರ ಬೆಂಕಿಗೆ ಆಹುತಿಯಾಗಿದ್ದು, ಈಗಿರುವುದು 1966ರದು. 1907ರಲ್ಲಿ ಸಿಂಜ್ ನಾಟಕದ ವಿರುದ್ಧ ಪ್ರೇಕ್ಷಕರು ಗಲಭೆ ಎಬ್ಬಿಸಿದ್ದೂ, 1913ರಲ್ಲಿ ಠಾಕೂರರ ‘ಡಾಕ್‌ಘರ್’ ಇಂಗ್ಲಿಷಿನಲ್ಲಿ ರಂಗವೇರಿದ್ದೂ ಇದೇ ಸಂಸ್ಥೆಯಲ್ಲಿ. ಮೊದಲ ಅಧಿಕೃತ ಪ್ರದರ್ಶನಕ್ಕೆ ಮುನ್ನ ನಡೆಯುವ ಪ್ರಿವ್ಯೂ ಆಟಗಳ ಟಿಕೆಟ್ ಸಾಮಾನ್ಯವಾಗಿ ಅಗ್ಗ, ಹೊರಡುವ ಮುನ್ನವೇ ಕಾಯ್ದಿರಿಸಿ. ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ಪಕ್ಕದಲ್ಲಿ 2019ರಲ್ಲಿ ತೆರೆದ ಐರ್ಲೆಂಡ್ ಸಾಹಿತ್ಯ ಸಂಗ್ರಹಾಲಯದಲ್ಲಿ ಜೇಮ್ಸ್ ಜಾಯ್ಸರ ‘ಯುಲಿಸಿಸ್’ ಕಾದಂಬರಿಯ ಮೊಟ್ಟಮೊದಲ ಪ್ರತಿ ಇದೆ. ಟ್ರಿನಿಟಿ ಕಾಲೇಜಿನ ಹಳೆಯ ಗ್ರಂಥಾಲಯದ ಬಗ್ಗೆ ಮಾತ್ರ ಎಚ್ಚರಿಕೆ ಹೇಳಬೇಕು: ಚಿತ್ರಗಳಲ್ಲಿ ಕಾಣುವ ಆ ಉದ್ದನೆಯ ಸಭಾಂಗಣದ ಸುಮಾರು 2 ಲಕ್ಷ ಪುಸ್ತಕಗಳನ್ನು ಸಂರಕ್ಷಣೆಗಾಗಿ ಕಪಾಟುಗಳಿಂದ ಇಳಿಸಿದ್ದಾರೆ, ದುಬಾರಿ ಟಿಕೆಟ್ ಕೊಳ್ಳುವ ಮೊದಲು ಈಗ ನೋಡಲು ಏನಿದೆಯೆಂದು ವಿಚಾರಿಸಿ.

ನನ್ನನ್ನು ಕೇಳಿದರೆ, ದುಡ್ಡಿಲ್ಲದೆ ಸಿಗುವ ಒಳ್ಳೆಯ ಪಾಠ ಲಿಂಕನ್ ಪ್ಲೇಸಿನಲ್ಲಿರುವ ಸ್ವೀನಿ ಎಂಬ ಹಳೆಯ ಔಷಧದಂಗಡಿಯಲ್ಲಿದೆ. ‘ಯುಲಿಸಿಸ್’ನ ನಾಯಕ ನಿಂಬೆ ಪರಿಮಳದ ಸಾಬೂನು ಕೊಂಡ ಅಂಗಡಿ ಅದು. ಈಗ ಸ್ವಯಂಸೇವಕರು ನಡೆಸುತ್ತಿದ್ದು, ಬಂದವರೆಲ್ಲ ಸುತ್ತ ಕುಳಿತು ಸರದಿಯಂತೆ ಜಾಯ್ಸರ ಪುಟಗಳನ್ನು ಗಟ್ಟಿಯಾಗಿ ಓದುತ್ತಾರೆ. ನಮ್ಮ ಗಮಕ ವಾಚನದ ಮನೆಗೋಷ್ಠಿಗಳನ್ನು ಕಂಡವರಿಗೆ ಅಲ್ಲಿ ಸಂಕೋಚವಾಗುವುದಿಲ್ಲ. ಕಣ್ಣಿಗೆ ಕಗ್ಗಂಟಾಗಿದ್ದ ವಾಕ್ಯಗಳು ಡಬ್ಲಿನ್ನಿನವರ ಬಾಯಲ್ಲಿ ಸಲೀಸಾಗಿ ನಗೆಚಟಾಕಿಯಾಗಿಬಿಡುವುದನ್ನು ಅಲ್ಲಿ ಕೇಳಬೇಕು.

ಊಟದ ಚಿಂತೆ ಬೇಡ. ಸೋಡಾ ಬ್ರೆಡ್, ಆಲೂಗಡ್ಡೆ, ತರಕಾರಿ ಸೂಪು ಎಲ್ಲೆಡೆ ಇವೆ, ಆದರೆ ಸೂಪನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದಾರೆಯೇ ಎಂದು ಪ್ರತಿ ಸಲವೂ ಕೇಳಿ. ಡಬ್ಲಿನ್ನಿನ ಮೂರ್ ಸ್ಟ್ರೀಟಿನಲ್ಲಿ ಬೇಳೆ, ಮಸಾಲೆ ಸಿಗುತ್ತವೆ. ಅಡುಗೆಮನೆ ಇರುವ ವಿದ್ಯಾರ್ಥಿ ವಸತಿ ಹಿಡಿದರೆ ಖರ್ಚು ಗಣನೀಯವಾಗಿ ತಗ್ಗುತ್ತದೆ. ಬಸ್ಸು ಮತ್ತು ಸ್ಥಳೀಯ ರೈಲುಗಳಿಗೆ ಲೀಪ್ ಕಾರ್ಡ್ ಎಂಬ ಪ್ರಯಾಣದ ಕಾರ್ಡ್ ಮಾಡಿಸಿಕೊಳ್ಳಿ. ಡಬ್ಲಿನ್ನಿನ ಕಾನಲಿ ನಿಲ್ದಾಣದಿಂದ ಸ್ಲೈಗೊಗೆ ನೇರ ರೈಲಿದ್ದು, ಸುಮಾರು ಮೂರು ಗಂಟೆಗಳ ಪ್ರಯಾಣ. ಛತ್ರಿ ಗಾಳಿಗೆ ನಿಲ್ಲುವುದಿಲ್ಲ, ಟೋಪಿಯಿರುವ ಮಳೆಯಂಗಿಯನ್ನೇ ತನ್ನಿ.

ಉತ್ತರ (ಅಮೆರಿಕದಲ್ಲಿ ಓದುತ್ತಿರುವ ಕನ್ನಡ ವಿದ್ಯಾರ್ಥಿ)

ನಾನು ಹೋದದ್ದು ನಮ್ಮ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೇ ಕರೆದೊಯ್ದ ಗುಂಪಿನೊಂದಿಗೆ. ಕ್ರೆಡಿಟ್ ಸಿಕ್ಕಿತು, ವಸತಿಯ ತಲೆನೋವೂ ಇರಲಿಲ್ಲ. ಆದರೆ ದಿನಕ್ಕೊಂದು ಊರೆಂಬ ಓಟದಲ್ಲಿ ಬರೆಯಬೇಕಾಗಿದ್ದ ದಿನಚರಿ ಬಸ್ಸಿನಲ್ಲೇ ಉಳಿಯಿತು. ಒಂಟಿಯಾಗಿ ಯೋಜಿಸುವ ಅವಕಾಶ ನಿಮಗಿರುವುದರಿಂದ, ಸಿಂಜ್ ಸಲುವಾಗಿ ಅರಾನ್ ದ್ವೀಪಗಳಲ್ಲಿ ಒಂದು ರಾತ್ರಿಯನ್ನಾದರೂ ಕಳೆಯಿರಿ. ಪ್ರವಾಸಿಗರು ಮುಗಿಬೀಳುವುದು ದೊಡ್ಡ ದ್ವೀಪವಾದ ಇನಿಷ್‌ಮೋರ್‌ಗೆ. 1898ರಿಂದ ಸಿಂಜ್ ಮತ್ತೆಮತ್ತೆ ಬಂದು ತಂಗಿದ್ದು ನಡುವಿನ ಇನಿಷ್‌ಮಾನ್‌ನಲ್ಲಿ, ಅವರಿದ್ದ ಹುಲ್ಲುಮಾಡಿನ ಮನೆಯನ್ನು ಈಗಲೂ ಉಳಿಸಿಕೊಂಡಿದ್ದಾರೆ. ಅಲ್ಲಿ ಐರಿಷ್ ಇಂದಿಗೂ ಮನೆಮಾತು. ಗಾಲ್ವೇಯ ಪಶ್ಚಿಮಕ್ಕಿರುವ ರೊಸವೀಲ್ ಬಂದರಿನಿಂದ ದೋಣಿ ಹೊರಡುತ್ತದೆ, ಸಮುದ್ರ ಕೆಟ್ಟರೆ ಹೊರಡುವುದಿಲ್ಲ; ಆದ್ದರಿಂದ ವಿಮಾನದ ಹಿಂದಿನ ದಿನಕ್ಕೆ ಈ ಭೇಟಿಯನ್ನು ಇಟ್ಟುಕೊಳ್ಳಬೇಡಿ. ಮುಳುಗಿದವನ ಗುರುತನ್ನು ಅವನ ಕಾಲುಚೀಲದ ಹೆಣಿಗೆಯಿಂದ ಹಿಡಿಯುವ, ಸಿಂಜ್ ಅವರ ‘ರೈಡರ್ಸ್ ಟು ದ ಸೀ’ ಏಕಾಂಕದ ದೃಶ್ಯವನ್ನು ದೋಣಿ ನಿಂತುಹೋದ ದಿನ ಓದಿದರೆ ಟಿಪ್ಪಣಿಯ ಅಗತ್ಯ ಬೀಳುವುದಿಲ್ಲ.

ಉತ್ತರ (ನಿವೃತ್ತ ಪ್ರಾಧ್ಯಾಪಕರು, ಮೈಸೂರು)

ತಾಯಿ, ಎಲ್ಲರೂ ಹೋಗಿ ಎಂದೇ ಹೇಳುತ್ತಿರುವುದರಿಂದ ಸ್ವಲ್ಪ ಭಿನ್ನವಾದ ಮಾತು ಹೇಳುತ್ತೇನೆ. ಕೇವಲ ಸ್ಥಳಗಳನ್ನು ನೋಡಲೆಂದು ಸಾಲ ಮಾಡಿ ಹೋಗುವುದು ಬೇಡ. ಶಾಲೆಯವರಿಗೆ ಪತ್ರ ಬರೆದು ಶುಲ್ಕ ರಿಯಾಯಿತಿ ಅಥವಾ ವಿದ್ಯಾರ್ಥಿವೇತನ ಇದೆಯೇ ಎಂದು ಮೊದಲು ಕೇಳಿ, ನಿಮ್ಮ ಮಾರ್ಗದರ್ಶಕರ ಶಿಫಾರಸನ್ನೂ ಲಗತ್ತಿಸಿ. ಹೋಗುವುದೇ ನಿಶ್ಚಯವಾದರೆ, ಇಲ್ಲಿ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ಹೋಗಿ. ಉದಾಹರಣೆಗೆ, ಬೆಲ್‌ಫಾಸ್ಟಿನಲ್ಲಿ 1873ರಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್ ಐರಿಷ್ ನಾಟಕ ಚಳವಳಿಯ ಆರಂಭದ ವರ್ಷಗಳಲ್ಲಿ ಕವಿಯಾಗಿ, ನಾಟಕಕಾರರಾಗಿ ದುಡಿದವರು. 1904ರಲ್ಲಿ ಜಾಯ್ಸರು ಕೆಲವು ದಿನ ತಂಗಿದ್ದು ಕಸಿನ್ಸ್ ದಂಪತಿಗಳ ಡಬ್ಲಿನ್ ಮನೆಯಲ್ಲಿ. ಯೇಟ್ಸರ ಅವಕೃಪೆಗೆ ಒಳಗಾಗಿ ಬದಿಗೆ ಸರಿದ ಇವರು 1915ರಲ್ಲಿ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಪದ್ಯಗಳನ್ನು ಹಿಡಿದು ತಮ್ಮನ್ನು ಕಾಣಲು ಬಂದ ತರುಣ ಕುವೆಂಪು ಅವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದವರೂ ಇದೇ ಕಸಿನ್ಸ್. ಆ ಪ್ರಸಂಗವನ್ನು ನಾವು ಕುವೆಂಪು ಅವರ ಕಡೆಯಿಂದ ಮಾತ್ರ ಹೇಳಿಕೊಂಡು ಬಂದಿದ್ದೇವೆ. ಸ್ವಂತ ನೆಲದ ಕಥೆಗಳಿಗೆ ಮರಳುವ ಚಳವಳಿಯಲ್ಲಿ ಪಾಲ್ಗೊಂಡಿದ್ದ ಮನುಷ್ಯನ ಕಡೆಯಿಂದ ಅದನ್ನು ನೋಡುವ ಕೆಲಸ ಮೈಸೂರಿನ ವಿದ್ಯಾರ್ಥಿಗೆ ಒಗ್ಗುವಂಥದ್ದು. ಅವರ ಪತ್ನಿ, ಮಹಿಳೆಯರ ಮತದಾನದ ಹಕ್ಕಿಗಾಗಿ ಎರಡೂ ದೇಶಗಳಲ್ಲಿ ಹೋರಾಡಿದ ಮಾರ್ಗರೆಟ್ ಕಸಿನ್ಸ್ ಹುಟ್ಟಿದ ಬಾಯ್ಲ್ ಊರು, ಮೇಲೆ ಹೇಳಿದ ಸ್ಲೈಗೊ ರೈಲಿನ ದಾರಿಯಲ್ಲೇ ಬರುತ್ತದೆ.

ಡಬ್ಲಿನ್ನಿನ ಕಿಲ್ಡೇರ್ ಸ್ಟ್ರೀಟಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಯೇಟ್ಸ್ ಹಸ್ತಪ್ರತಿಗಳ ದೊಡ್ಡ ಸಂಗ್ರಹವಿದೆ. ಓದುಗರ ಚೀಟಿ ಮಾಡಿಸಬೇಕು, ಬೇಕಾದ ಹಸ್ತಪ್ರತಿಯ ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿಕೊಂಡು ತಿಳಿಸಬೇಕು, ಒಳಗೆ ಪೆನ್ನಿಲ್ಲದೆ ಪೆನ್ಸಿಲ್ಲಿನಲ್ಲೇ ಬರೆದುಕೊಳ್ಳಬೇಕು. ಒಂದೇ ಕವಿತೆಯ ಕರಡುಗಳನ್ನು ಅಲ್ಲಿ ಎರಡು ದಿನ ನೋಡಿದರೂ ನಿಮ್ಮ ಒಂದು ಅಧ್ಯಾಯಕ್ಕೆ ಸಾಕಾಗುವಷ್ಟು ಸಿಗುತ್ತದೆ.

ವಿದ್ಯಾರ್ಥಿನಿಯ ಮರುಪ್ರಶ್ನೆ

ಎಲ್ಲರಿಗೂ ಕೃತಜ್ಞತೆಗಳು. ಕಸಿನ್ಸ್ ವಿಷಯ ಕೇಳಿದಮೇಲೆ ಬೆಲ್‌ಫಾಸ್ಟಿಗೂ, ಬೆಲ್ಲಾಹಿಯಲ್ಲಿರುವ ಕವಿ ಸೀಮಸ್ ಹೀನಿ ಅವರ ಕೇಂದ್ರಕ್ಕೂ ಹೋಗಬೇಕೆನಿಸುತ್ತಿದೆ. ಅದೇ ವೀಸಾ ಸಾಕೇ?

ಉತ್ತರ (ಡಬ್ಲಿನ್ನಿನ ಎಂಜಿನಿಯರ್)

ಎಲ್ಲ ಐರಿಷ್ ವೀಸಾಗಳೂ ಸಾಕಾಗುವುದಿಲ್ಲ. ಬಸ್ಸಿನಲ್ಲಿ ಹೋಗುವಾಗ ಗಡಿಯೆಂಬುದು ಕಣ್ಣಿಗೇ ಬೀಳದಿದ್ದರೂ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ ಪ್ರದೇಶ. ನಿಮ್ಮ ಐರಿಷ್ ವೀಸಾದ ಮೇಲೆ ‘ಬಿಐವಿಎಸ್’ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಎಂಬ ಅಕ್ಷರಗಳು ಮುದ್ರಿತವಾಗಿದ್ದರೆ ಅದರಲ್ಲೇ ಹೋಗಬಹುದು. ಇಲ್ಲದಿದ್ದರೆ ಪ್ರತ್ಯೇಕ ಬ್ರಿಟಿಷ್ ವೀಸಾ ಬೇಕು, ಯಾರೂ ತಪಾಸಣೆ ಮಾಡುವುದಿಲ್ಲವೆಂದು ಧೈರ್ಯ ಹೇಳುವವರ ಮಾತಿಗೆ ಕಿವಿಗೊಡಬೇಡಿ. ಐರ್ಲೆಂಡ್ ಷೆಂಗೆನ್ ವಲಯದಲ್ಲಿಲ್ಲದ ಕಾರಣ ಯುರೋಪಿನ ಇತರ ದೇಶಗಳ ವೀಸಾ ಇಲ್ಲಿ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಮೂರು ತಿಂಗಳೊಳಗಿನ ವಾಸಕ್ಕೆ ‘ಸಿ’ ವರ್ಗದ ವೀಸಾ. ಪ್ರಯಾಣಕ್ಕೆ ಮೂರು ತಿಂಗಳಿರುವಾಗಿನಿಂದ ಆನ್‌ಲೈನ್ ಅರ್ಜಿ ಹಾಕಬಹುದು. ಶಾಲೆಯ ಪ್ರವೇಶಪತ್ರ, ಶುಲ್ಕದ ರಸೀದಿ, ವಸತಿಯ ದಾಖಲೆ, ಖರ್ಚು ಭರಿಸುವ ತಂದೆತಾಯಿಯ ಆರು ತಿಂಗಳ ಬ್ಯಾಂಕ್ ವಿವರ, ವೈದ್ಯಕೀಯ ವಿಮೆ, ಓದು ಮುಂದುವರಿಸಲು ಮರಳುತ್ತೀರೆಂಬ ನಿಮ್ಮ ವಿಭಾಗದ ಪತ್ರ, ಇಷ್ಟನ್ನೂ ಒಟ್ಟಿಗೆ ಕೊಡಿ. ಅರ್ಜಿಗೂ ಪ್ರಯಾಣಕ್ಕೂ ನಡುವೆ ಎರಡು ತಿಂಗಳಾದರೂ ಇರಲಿ. ಬೆಂಗಳೂರಿನಿಂದ ದೋಹಾ, ದುಬೈ ಅಥವಾ ಅಬುಧಾಬಿ ಮೂಲಕ ಬಂದರೆ ನಡುವೆ ಲಂಡನ್ನಿನ ವೀಸಾ ಪ್ರಶ್ನೆ ಏಳುವುದಿಲ್ಲ. ವೀಸಾ ಕೈಸೇರುವವರೆಗೆ ಹಣ ಹಿಂತಿರುಗದ ಟಿಕೆಟ್ ಕೊಳ್ಳಬೇಡಿ.