ಬಿಚ್ಚಿಟ್ಟ ಪದ್ಮಿನಿಯನ್ನು ಮತ್ತೆ ರಸ್ತೆಗಿಳಿಸಿದವರು ಹೇಳಿ

ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ. ಸರಿ ಮಾಡೋಣ ಅಂತ ಬಿಚ್ಚಿ ಮೂರು ವರ್ಷ ಆಯ್ತು. ಶಿಫ್ಟ್ ಡ್ಯೂಟಿ, ಇಬ್ಬರು ಸಣ್ಣ ಮಕ್ಕಳು. ಮನೆಯಲ್ಲಿ ಗುಜರಿಗೆ ಹಾಕಿ ಅಂತಿದ್ದಾರೆ. ಕೆಲಸ, ಸಂಸಾರದ ನಡುವೆ ಇಂಥದ್ದನ್ನು ಮುಗಿಸಿದವರು ಇದ್ದರೆ ದಯವಿಟ್ಟು ಅನುಭವ ಹಂಚಿಕೊಳ್ಳಿ.

*

ಸರ್, ಗುಜರಿಗೆ ಮಾತ್ರ ಹಾಕಬೇಡಿ. ನಾನೂ ಪದ್ಮಿನಿಯನ್ನೇ ಮುಗಿಸಿದವನು. ಆರು ವರ್ಷ ಹಿಡಿಯಿತು, ಅದರಲ್ಲಿ ಮೊದಲ ನಾಲ್ಕು ವರ್ಷ ಮಾಡಿದ್ದು ಬಿಚ್ಚೋ ಕೆಲಸವೊಂದೇ. ಎಂಜಿನ್ ಒಂದು ಮೂಲೆಯಲ್ಲಿ, ಸೀಟು ಅಟ್ಟದ ಮೇಲೆ, ನಟ್ಟು ಬೋಲ್ಟೆಲ್ಲ ಒಂದೇ ಬಕೆಟ್ಟಿನಲ್ಲಿ. ಬಣ್ಣ ಕೆರೆದು ಪ್ರೈಮರ್ ಹೊಡೆಯದೆ ಬಿಟ್ಟ ಬಾಗಿಲುಗಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹತ್ತಿತು. ಭಾನುವಾರ ಎರಡು ಗಂಟೆ ಬಿಡುವು ಸಿಕ್ಕರೆ, ಎಲ್ಲಿಗೆ ನಿಲ್ಲಿಸಿದ್ದೆ ಅಂತ ಹುಡುಕುವುದರಲ್ಲೇ ಒಂದು ಗಂಟೆ ಹೋಗುತ್ತಿತ್ತು.

ನಮ್ಮೂರಿನ ಹಳೇ ಮೆಕ್ಯಾನಿಕ್ ಒಬ್ಬರು ಬಂದು ನೋಡಿ, "ಮೊದಲು ಗಾಡಿ ಓಡಲಿ, ನಿಲ್ಲಲಿ. ಅಂದಚೆಂದ ಆಮೇಲೆ ನೋಡೋಣ" ಅಂದರು. ಅವತ್ತಿನಿಂದ ಪೇಂಟು, ಸೀಟು, ಕ್ರೋಮ್ ಎಲ್ಲ ಬದಿಗಿಟ್ಟೆ. ಎಂಜಿನ್, ಬ್ರೇಕ್, ಲೈಟು, ಅಷ್ಟೇ. ಒಂದನ್ನು ಕೈಗೆತ್ತಿಕೊಂಡರೆ ಅದು ವಾಪಸ್ ಜಾಗದಲ್ಲಿ ಕೂರುವ ತನಕ ಇನ್ನೊಂದು ಬೋಲ್ಟ್ ಮುಟ್ಟಲಿಲ್ಲ. 1089 ಸಿಸಿ ಎಂಜಿನ್, ಒಂದು ಕಾರ್ಬುರೇಟರ್. ತಾಳ್ಮೆ ಇದ್ದರೆ ಮನೆಯಲ್ಲೇ ಕಲಿಯಬಹುದು. ಬೋರಿಂಗ್, ಅಂದರೆ ಸವೆದ ಸಿಲಿಂಡರ್ ಒಳಗೆ ಕೊರೆದು ಸಮ ಮಾಡೋದು, ಲೇತಿನವರಿಗೆ ಕೊಟ್ಟೆ. ಬಾಡಿ ತಗಡಿನ ಟಿಂಕರಿಂಗ್ ಕೂಡ ಹೊರಗೆ. ಎಲ್ಲ ನಾನೇ ಮಾಡಬೇಕು ಅನ್ನೋ ಹಠ ಬಿಟ್ಟಿದ್ದರಿಂದಲೇ ಮುಗಿಯಿತು ಅಂತ ನನ್ನ ನಂಬಿಕೆ. ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಹಳೇ ಪಾರ್ಟನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಬಾಯಲ್ಲಿ ಹೇಳಿದರೆ ಬೇರೇನೋ ಕೊಡ್ತಾರೆ.

ಬ್ರೇಕ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಲ್ಕೂ ಡ್ರಮ್ ಬ್ರೇಕು, ನಿಂತ ಗಾಡಿಯಲ್ಲಿ ವೀಲ್ ಸಿಲಿಂಡರ್ (ಚಕ್ರದೊಳಗೆ ಬ್ರೇಕ್ ಶೂ ತಳ್ಳೋ ಭಾಗ) ಜಾಮ್ ಆಗಿರುತ್ತೆ. ಹೊಸದು ಹಾಕಿ ಬ್ರೇಕ್ ಪೈಪಿನಲ್ಲಿ ಸೇರಿದ ಏರ್ ತೆಗೆಯುವುದಕ್ಕೆ ಇಬ್ಬರು ಬೇಕು. ಹಿಂದಿನ ಎಡ ಚಕ್ರದಿಂದ ಶುರು, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್‌ಗೆ ಅದೇ ಎಲ್ಲಕ್ಕಿಂತ ದೂರ. ನನ್ನ ಹೆಂಡತಿ ಪೆಡಲ್ ಮೇಲೆ ಕಾಲಿಟ್ಟು ಕೂತಳು, ಮಗಳು ಟಾರ್ಚ್ ಹಿಡಿದಳು, ನಾನು ಗಾಡಿ ಕೆಳಗೆ. "ಒತ್ತು... ಹಿಡ್ಕೋ..." ಚಕ್ರದ ಹಿಂದಿರೋ ಏರ್ ಬಿಡುವ ಸಣ್ಣ ಸ್ಕ್ರೂ, ಅದೇ ನಿಪ್ಪಲ್, ಸಡಿಲ ಮಾಡಿದರೆ ಬಾಟಲಿಯೊಳಗಿನ ಪೈಪಿನಿಂದ ಗುಳುಗುಳು ಅಂತ ಗುಳ್ಳೆ. ಬಿಗಿ ಮಾಡಿ, "ಈಗ ಬಿಡು." ಹದಿನೈದು ಸಲ ಆದ ಮೇಲೆ ಗುಳ್ಳೆ ನಿಂತಿತು. "ಈಗ ಕಾಲಿಗೆ ಗಟ್ಟಿ ಸಿಗ್ತಿದೆ ಕಣ್ರೀ" ಅಂತ ಅವಳೇ ಕೂಗಿದಳು. ಅವತ್ತಿಂದ ಅದು ಮನೆಯವರೆಲ್ಲರ ಕಾರಾಯಿತು. (ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಬಣ್ಣ ಕಿತ್ತು ಬರುತ್ತೆ, ತಕ್ಷಣ ನೀರು ಹಾಕಿ ತೊಳೆಯಿರಿ.)

*

ನಾನು ಇಂಥ ಒಬ್ಬರ ಹೆಂಡತಿ, ನನ್ನದೂ ಒಂದು ಮಾತು ಅಣ್ಣಾ. ನಮ್ಮನೆಯವರದು ಅಂಬಾಸಡರ್. "ಹತ್ತು ನಿಮಿಷ ಬಂದೆ" ಅಂತ ಹೋಗಿ, ಮಕ್ಕಳು ಊಟ ಮಾಡಿ ಮಲಗಿದ ಮೇಲೆ ಗ್ರೀಸ್ ಕೈಯಲ್ಲಿ ಒಳಗೆ ಬರೋರು. ನನಗೆ ಸಂಕಟ ಆಗ್ತಿದ್ದದ್ದು ಆ ಹತ್ತು ನಿಮಿಷಕ್ಕೆ. ಕೊನೆಗೆ ಕೂತು ಮಾತಾಡಿದ್ವಿ. ಭಾನುವಾರ ಬೆಳಗ್ಗೆ ಆರರಿಂದ ಒಂಬತ್ತು ಪೂರ್ತಿ ಅವರದ್ದು, ನಾನು ಕರೆಯೋದಿಲ್ಲ. ಒಂಬತ್ತಕ್ಕೆ ಪಾನಾ ಕೆಳಗೆ. ಖರ್ಚಿಗೆ ಬೇರೆ ಡೈರಿ, ನನಗೂ ಕಾಣೋ ಹಾಗೆ ಟಿವಿ ಪಕ್ಕ. ಆಮೇಲೆ ಗುಜರಿ ಅನ್ನೋ ಮಾತು ನನ್ನ ಬಾಯಲ್ಲಿ ಬಂದಿಲ್ಲ.

*

ಇನ್ನೂ ದುಡ್ಡು ಹಾಕುವ ಮೊದಲು ಆರ್‌ಸಿ ತೆಗೆದು ನೋಡಿ. ಸ್ವಂತ ಕಾರಿನ ನೋಂದಣಿ 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಫಾರಂ 25. ಅಪ್ಪ ಈಗಿಲ್ಲ ಅಂತಾದರೆ ಹೆಸರು ಬದಲಾವಣೆಗೆ ಫಾರಂ 31. ಆರ್‌ಟಿಒ ತಪಾಸಣೆಗೆ ಬ್ರೇಕು, ಲೈಟು, ಹಾರ್ನ್ ಕೆಲಸ ಮಾಡಲೇಬೇಕು. ಹಾಗಾಗಿ ಮೇಲಿನ ಸರ್ ಹೇಳಿದ ಕ್ರಮವೇ ಸರಿ. ಚಾಸಿ ನಂಬರ್ ಇರುವ ಜಾಗಕ್ಕೆ ಪುಟ್ಟಿ, ಪೇಂಟ್ ಬಳಿಯೋಕೆ ಟಿಂಕರ್ ಅವರನ್ನು ಬಿಡಬೇಡಿ. ನನ್ನ ಗಾಡಿಯಲ್ಲಿ ಹಾಗಾಗಿ, ನಂಬರ್ ಕಾಣದೆ ವಾಪಸ್ ಕಳಿಸಿದ್ದರು.