ಕಾಂಟ್ರಾಸ್ಟ್ ಸ್ವಲ್ಪ ಕಡಿಮೆ ಮಾಡೋ

"ಇವತ್ತಿನ ಪದ ಕಾಂಟ್ರಾಸ್ಟ್!" ಮೊಬೈಲಲ್ಲಿ ಇಂಗ್ಲಿಷ್ ಕಲಿಸೋ ಆ್ಯಪು ಟಿಂಗ್ ಅಂದಿದ್ದೇ ತಡ, ಕಿಟ್ಟಿ ಕಟ್ಟೆ ಮೇಲೆ ಡಂಗುರ ಸಾರಿದ.

"ದಿನಕ್ಕೊಂದು ನುಂಗೋಕೆ ಅದೇನು ಬಿ.ಪಿ. ಮಾತ್ರೇನಯ್ಯಾ?" ಶೇಷಣ್ಣ ನಶ್ಯದ ಡಬ್ಬಿ ತಟ್ಟಿದರು. "ನಿನ್ನೆ ಪದ ಯಾವುದಿತ್ತು?"

ಕಿಟ್ಟಿ ಆಕಾಶ ನೋಡಿದ.

"ಕಾಂಟ್ರಾಸ್ಟ್ ಅಂದ್ರೆ ವ್ಯತ್ಯಾಸ ತಾನೆ?" ಪದ್ದಕ್ಕ ಅವರೆಕಾಯಿ ಬಿಡಿಸುತ್ತಾ ಕೇಳಿದರು.

"ಬರೀ ವ್ಯತ್ಯಾಸ ಆದ್ರೆ ಡಿಫರೆನ್ಸು, ಪದ್ದಕ್ಕ" ಅಂದರು ಶೇಷಣ್ಣ. "ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಹೊಡೆಯುತ್ತಲ್ಲ, ಅದು ಕಾಂಟ್ರಾಸ್ಟು. ಲ್ಯಾಟಿನ್ ಮೂಲದಲ್ಲಿ ಎದುರು ನಿಲ್ಲೋದು ಅಂತಲೇ ಅರ್ಥ. ಪರೀಕ್ಷೇಲಿ 'ಕಂಪೇರ್ ಅಂಡ್ ಕಾಂಟ್ರಾಸ್ಟ್' ಅಂತ ಕೇಳಿದ್ರೆ ಹೋಲಿಕೆ, ವ್ಯತ್ಯಾಸ ಎರಡೂ ಬರೀಬೇಕು. ನಮ್ಮ ಹುಡುಗರು ಹಸುವಿಗೊಂದು ಪ್ರಬಂಧ, ಎಮ್ಮೆಗೊಂದು ಪ್ರಬಂಧ ಬರೆದು ಎದ್ದು ಬರ್ತಾರೆ. ಹಾಲಿಗೆ ಹಾಲು, ಕೊಂಬಿಗೆ ಕೊಂಬು ಎದುರು ಕಟ್ಟದಿದ್ರೆ ಮಾರ್ಕ್ಸ್ ಎಲ್ಲಿಂದ ಬರಬೇಕು?"

"ನಾಮಪದ ಆದ್ರೆ 'ಕಾನ್' ಮೇಲೆ ಒತ್ತು, ಕ್ರಿಯಾಪದ ಆದ್ರೆ 'ಟ್ರಾಸ್ಟ್' ಮೇಲೆ ಒತ್ತು ಅಂತಿದೆ" ಅಂದ ಕಿಟ್ಟಿ, ಎರಡನ್ನೂ ಹೇಳಿ ತೋರಿಸಿದ. ಎರಡೂ ಒಂದೇ ಥರ ಕೇಳಿಸಿದವು.

"ರೆಕಾರ್ಡ್, ಪರ್ಮಿಟ್ಟೂ ಹಾಗೇನೆ. ಕೆಲಸ ನಡೀಬೇಕು ಅಂದ್ರೆ ಭಾರ ಹಿಂದಕ್ಕೆ. ಕೆಟ್ಟು ನಿಂತ ಬಸ್ಸನ್ನ ಹಿಂದಿನಿಂದ ತಾನೆ ತಳ್ಳೋದು?"

"ನಂಗೊತ್ತಿರೋದು ಕಾಂಟ್ರಾಸ್ಟ್ ಬ್ಲೌಸು" ಅಂದರು ಪದ್ದಕ್ಕ. "ಇಳಕಲ್ ಸೀರೆ ನೋಡಿ, ಮೈ ಹಸಿರಿದ್ರೂ ನೀಲಿ ಇದ್ರೂ ಸೆರಗು ಸಾಮಾನ್ಯವಾಗಿ ಕೆಂಪು. ಎರಡರ ಹಾಸಿನ ಎಳೆ, ಅಂದ್ರೆ ಉದ್ದದ ಎಳೆಗಳೇ ಬೇರೆ. ಕೊಂಡಿ ಹಾಕಿ ಕೂಡಿಸ್ತಾರೆ."

"ಅಜಗಜಾಂತರ ಅಂತ ಆರೇ ಅಕ್ಷರದಲ್ಲಿ ಆಡು, ಆನೆ ಎರಡನ್ನೂ ತಂದು ನಿಲ್ಲಿಸಿದ್ದೀವಿ. ಇವನಿಗೆ ಟಿಂಗ್ ಅನ್ನಬೇಕು!" ಶೇಷಣ್ಣ ನಶ್ಯ ಏರಿಸಿ, ಸೀನು ಬರದೆ ಸುಮ್ಮನಾದರು. ಆಮೇಲೆ ದನಿ ಇಳಿಸಿ ಅಂದರು, "ನಮ್ಮಮ್ಮನಿಗೆ ಎ ಬಿ ಸಿ ಡಿ ಬರ್ತಿರಲಿಲ್ಲ. ಕಪ್ಪು-ಬಿಳುಪು ಟಿವೀಲಿ ವಾರ್ತೆ ಓದೋಳ ಮುಖ ಸುಣ್ಣದ ಗೋಡೆ ಆದ್ರೆ, ಅಡುಗೆಮನೆ ಬಾಗಿಲಲ್ಲಿ ನಿಂತು 'ಕಾಂಟ್ರಾಸ್ಟ್ ಸ್ವಲ್ಪ ಕಡಿಮೆ ಮಾಡೋ, ಬ್ರೈಟ್‌ನೆಸ್ ಏರಿಸಬೇಡ, ಕಪ್ಪೆಲ್ಲ ಬೂದಿ ಆಗುತ್ತೆ' ಅನ್ನೋಳು. ಸೌಟಲ್ಲೇ ತೋರಿಸೋಳು, ಯಾವ ಗುಂಡಿ ಅಂತ."

"ಯಾವ ಆ್ಯಪಲ್ಲಿ ಕಲಿತಿದ್ರು?"

ಶೇಷಣ್ಣ ಉತ್ತರ ಕೊಡಲಿಲ್ಲ. ಅವರೆಕಾಳು ಪಾತ್ರೆಗೆ ಬೀಳೋ ಸದ್ದೊಂದೇ.

ಟಿಂಗ್!

"ನಾಳೆಯಿಂದ ದುಡ್ಡು ಕಟ್ಟಬೇಕಂತೆ, ಶೇಷಣ್ಣ."

"ಕಟ್ಟೋಣ. ಮೊದಲು ನಿನ್ನೆ ಪದ ಹೇಳು."